ಚಿಗರಿಯ ಹಾದಿ, ಮನೆಯ ದೂರ: ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಓಡಾಡಿದ ದಿನಗಳು

ಗುರುವಾರ, ಹುಬ್ಬಳ್ಳಿ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದದ್ದೆಂಬ ದಾಖಲೆ ಅದರ ಹೆಸರಿನಲ್ಲಿದೆ. ಆದರೆ ನಾನು ಈ ಊರಿಗೆ ಬಂದದ್ದು ದಾಖಲೆ ನೋಡುವುದಕ್ಕಲ್ಲ. ಸ್ವಂತ ಕಾರು ಅಥವಾ ಗಾಡಿ ಇಲ್ಲದ ಕುಟುಂಬವೊಂದು ಈ ಅವಳಿ ನಗರದಲ್ಲಿ ಎಲ್ಲಿ ಮನೆ ಹಿಡಿಯಬಹುದು, ಅಲ್ಲಿಂದ ಕೆಲಸಕ್ಕೆ, ಶಾಲೆಗೆ, ದವಾಖಾನೆಗೆ ಹೇಗೆ ಹೋಗಿಬರಬಹುದು ಎಂಬುದನ್ನು ಕಾಲ್ನಡಿಗೆಯಲ್ಲಿ ಮತ್ತು ಬಸ್ಸಿನಲ್ಲಿಯೇ ತಿರುಗಿ ತಿಳಿದುಕೊಳ್ಳಬೇಕೆಂಬುದು ನನ್ನ ಉದ್ದೇಶವಾಗಿತ್ತು. ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕರಾಗಿ ನಿವೃತ್ತರಾದ ನಮ್ಮ ಕಾಕಾ ನಿಲ್ದಾಣದ ಹೊರಗೆ ಕಾದಿದ್ದರು. ಅವರಿಗೂ ಗಾಡಿಯಿಲ್ಲ, ನೌಕರಿಯಲ್ಲಿದ್ದಾಗಲೂ ಇರಲಿಲ್ಲ.

ಚಿಗರಿ ಬಸ್ಸುಗಳು ಓಡುವ ಬಿ.ಆರ್.ಟಿ.ಎಸ್. (ತ್ವರಿತ ಬಸ್ ಸಾರಿಗೆ) ಮಾರ್ಗದ ಬಗ್ಗೆ ಓದುಗರಲ್ಲಿ ಅನೇಕರಿಗೆ ತಿಳಿದಿರಬಹುದು. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಹಳೆಯ ಪಿ.ಬಿ. ರಸ್ತೆಯನ್ನು ಅಗಲಗೊಳಿಸಿ, ಅದರ ನಟ್ಟನಡುವೆ ಬಸ್ಸುಗಳಿಗೆಂದೇ ಪ್ರತ್ಯೇಕ ಪಥವನ್ನು ಸುಮಾರು 22 ಕಿಲೋಮೀಟರ್ ಉದ್ದಕ್ಕೂ ನಿರ್ಮಿಸಲಾಗಿದೆ. ವಿಶ್ವ ಬ್ಯಾಂಕಿನ ನೆರವು ಪಡೆದ ಈ ಯೋಜನೆಯಲ್ಲಿ 2018ರ ಅಕ್ಟೋಬರಿನಲ್ಲಿ ಬಸ್ಸುಗಳು ಓಡಲಾರಂಭಿಸಿದವು. 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅದಕ್ಕಾಗಿ ರಸ್ತೆಯ ಎರಡೂ ಬದಿಯ ಅಂಗಡಿಗಳು, ಮನೆಗಳ ಮುಂಭಾಗಗಳು ಹಾಗೂ ಸಾವಿರಾರು ಮರಗಳು ಹೋದವು. ಆ ಮರಗಳ ನೆರಳಿನಲ್ಲಿ ನಡೆದವರು ಅದನ್ನು ಇಂದಿಗೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಇಷ್ಟು ಬೆಲೆ ತೆತ್ತು ಪಡೆದ ಪಥವನ್ನು ನಾವು ಯಾವುದಕ್ಕೆ ಬಳಸುತ್ತಿದ್ದೇವೆ ಎಂಬ ಪ್ರಶ್ನೆ ಆ ಕಾರಣಕ್ಕೇ ಇನ್ನಷ್ಟು ಗಂಭೀರವಾದದ್ದು.

ರೈಲು ನಿಲ್ದಾಣದ ಹತ್ತಿರದ ಬಸ್ ತಾಣದಲ್ಲಿ ಚೀಟಿ ಪಡೆದು ಗೇಟು ದಾಟಿದೆವು. ಹಣ ಕೊಡುವ ಕೆಲಸ ಬಸ್ಸಿನ ಹೊರಗೇ ಮುಗಿಯುವುದರಿಂದ ಬಸ್ಸು ಬಂದು ನಿಂತಾಗ ಹತ್ತುವುದೊಂದೇ ಬಾಕಿ. ಬಸ್ಸಿನ ಬಲಬದಿಯ ಬಾಗಿಲು ತೆರೆದುಕೊಂಡು ತಾಣದ ಕಟ್ಟೆಗೆ ಸಮನಾಗಿ ನಿಲ್ಲುತ್ತದೆ. ನಮ್ಮ ಮುಂದೆ ಮೊಣಕಾಲು ನೋವಿನ ಹಿರಿಯ ಹೆಣ್ಣುಮಗಳೊಬ್ಬರು ಕೈಯಲ್ಲಿ ಚೀಲ ಹಿಡಿದಿದ್ದರು. ಸಾದಾ ಬಸ್ಸಾಗಿದ್ದರೆ ಅವರು ಕಂಬಿ ಹಿಡಿದು ಮೂರು ಮೆಟ್ಟಿಲು ಏರಬೇಕಾಗುತ್ತಿತ್ತು, ಹಿಂದಿನವರು ಅವಸರಪಡಿಸುತ್ತಿದ್ದರು. ಇಲ್ಲಿ ಅವರು ಮನೆಯ ಪಡಸಾಲೆಯಿಂದ ಒಳಕೋಣೆಗೆ ಹೋಗುವ ಹಾಗೆ ಸಲೀಸಾಗಿ ಒಳಗೆ ಹೋಗಿ ಕುಳಿತರು. ಸಾರ್ವಜನಿಕ ಸಾರಿಗೆಯ ಬಗ್ಗೆ ಬರೆಯುವವರು ಈ ಕಟ್ಟೆಯ ಎತ್ತರವನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಇಡೀ ಯೋಜನೆಯಲ್ಲಿ ಅತ್ಯಂತ ಪ್ರಗತಿಪರವಾದ ಅಂಶವೆಂದರೆ ಇದೇ ಅನ್ನಿಸಿತು.

ಹೊಸೂರು, ವಿದ್ಯಾನಗರ, ಉಣಕಲ್ಲು, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು: ತಾಣಗಳು ಒಂದರ ಹಿಂದೊಂದು ಸರಿದವು. ಕಿಟಕಿಯಾಚೆ ಪಕ್ಕದ ಪಥದಲ್ಲಿ ಕಾರು, ಬೈಕು, ಟಂಟಂ, ಲಾರಿಗಳು ಒಂದಕ್ಕೊಂದು ತಾಗುವಂತೆ ನಿಂತಿದ್ದವು. ಇದನ್ನು ನೋಡಿಯೇ ಅನೇಕರು ಒಂದು ಬೇಡಿಕೆ ಇಡುತ್ತಾ ಬಂದಿದ್ದಾರೆ: ನಡುವಿನ ಪಥ ಹೆಚ್ಚಿನ ಹೊತ್ತು ಖಾಲಿಯಾಗಿ ಕಾಣುತ್ತದೆ, ಅದನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎಂದು. ನಾನು ಈ ಮಾತನ್ನು ಕಾಕಾ ಅವರ ಮುಂದಿಟ್ಟಾಗ ಅವರು ಕಿಟಕಿಯತ್ತ ಕೈ ತೋರಿಸಿ, "ಖಾಲಿ ಕಾಣತೈತಿ ಅಂದ್ರ ಅದು ಛಲೋ ನಡದೈತಿ ಅಂತ ಅರ್ಥ. ತುಂಬಿ ನಿಂತ್ರ ಬಸ್ಸೂ ನಿಲ್ಲತಾವು. ಹಂಗಾದ್ರ ಇಷ್ಟೆಲ್ಲಾ ಮಾಡಿದ್ದು ಯಾಕ?" ಎಂದರು.

ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿಯಾಗಿಯೇ ಇದೆ. ಸಿಗ್ನಲ್‌ಗಳಿರುವ ನಗರದ ರಸ್ತೆಯಲ್ಲಿ ಒಂದು ಪಥದ ಮೇಲೆ ಗಂಟೆಗೆ ಎಂಟುನೂರರಿಂದ ಒಂಬೈನೂರು ಕಾರುಗಳು ದಾಟುತ್ತವೆಂದು ಹಿಡಿಯೋಣ. ಕಾರಿಗೆ ಒಂದೂವರೆ ಜನರಂತೆ ಎಣಿಸಿದರೂ ಹದಿಮೂರು ನೂರರ ಆಸುಪಾಸು ಜನ ಸಾಗಿದಂತಾಯಿತು. ಅದೇ ಅಗಲದ ಪಥದಲ್ಲಿ ಎರಡು ನಿಮಿಷಕ್ಕೊಂದರಂತೆ ಬಸ್ಸು ಬಿಟ್ಟು, ಬಸ್ಸಿಗೆ ಅರವತ್ತು ಜನ ಕುಳಿತು ನಿಂತು ಹೋದರೆ ಸಾವಿರದ ಎಂಟುನೂರು ಜನರಾದರು. ನಿಮಿಷಕ್ಕೊಂದು ಬಿಟ್ಟರೆ ಮೂರು ಸಾವಿರದ ಆರುನೂರು. ಎರಡು ಬಸ್ಸುಗಳ ನಡುವಿನ ಆ ಖಾಲಿ ಜಾಗ ಕಣ್ಣಿಗೆ ವ್ಯರ್ಥವಾಗಿ ಕಂಡರೂ, ಬಸ್ಸು ಹೇಳಿದ ಹೊತ್ತಿಗೆ ಬರುವುದು ಅದರಿಂದಲೇ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ರಸ್ತೆಯ ಜಾಗವನ್ನು ವಾಹನಗಳಿಗಲ್ಲ, ಜನರಿಗೆ ಹಂಚಬೇಕೆಂದು ಸ್ಪಷ್ಟವಾಗಿ ಹೇಳಿದೆ.

ದಿಲ್ಲಿಯ ಅನುಭವವನ್ನು ಇಲ್ಲಿ ನೆನೆಯಲೇಬೇಕು. ಅಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್ ಉದ್ದದ ಬಸ್ ಪಥ 2008ರಲ್ಲಿ ಆರಂಭವಾಯಿತು. ಕಾರಿನವರ ವಿರೋಧ ನ್ಯಾಯಾಲಯದ ಮೆಟ್ಟಿಲೇರಿತಾದರೂ 2012ರಲ್ಲಿ ದಿಲ್ಲಿ ಹೈಕೋರ್ಟ್ ಬಸ್ ಪಥವನ್ನೇ ಎತ್ತಿಹಿಡಿಯಿತು. ಆದರೂ ಒತ್ತಡ ನಿಲ್ಲಲಿಲ್ಲ; 2016ರಲ್ಲಿ ಸರಕಾರವೇ ಅದನ್ನು ಕಿತ್ತುಹಾಕಿತು. ಅತ್ತ ಅಹಮದಾಬಾದಿನವರು 2009ರಲ್ಲಿ ಆರಂಭಿಸಿದ ತಮ್ಮ ಬಸ್ ಮಾರ್ಗವನ್ನು ಕೀಳದೆ, ವರ್ಷದಿಂದ ವರ್ಷಕ್ಕೆ ಹೊಸ ಹೊಸ ರಸ್ತೆಗಳಿಗೆ ವಿಸ್ತರಿಸಿಕೊಂಡು ಹೋದರು. ಹುಬ್ಬಳ್ಳಿ-ಧಾರವಾಡದ ಮುಂದೆ ಈ ಎರಡೂ ದಾರಿಗಳು ತೆರೆದಿವೆ. ಈಗ ಇದೇ ಪಥದಲ್ಲಿ ಇನ್ನೂ ಉದ್ದನೆಯ ವಿದ್ಯುತ್ ವಾಹನಗಳನ್ನು ಓಡಿಸುವ ಮಾತೂ ಕೇಳಿಬರುತ್ತಿದೆ. ಯಾವ ವಾಹನ ಬಂದರೂ ಸರಿಯೇ. ಪಥ ಪ್ರತ್ಯೇಕವಾಗಿ ಉಳಿದರೆ ಮಾತ್ರ ಅದರಿಂದ ಪ್ರಯೋಜನ.

ಇಳಿದ ಮೇಲಿನ ಸಂಗತಿ ಬೇರೆ. ತಾಣವಿರುವುದು ರಸ್ತೆಯ ನಡುವೆ, ಮನೆಗಳಿರುವುದು ಅಂಚಿನಲ್ಲಿ. ಮಧ್ಯಾಹ್ನ ನಾವು ಇಳಿದ ಒಂದು ತಾಣದಲ್ಲಿ ನರ್ಸ್ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ಶಾಲೆಯ ಇಬ್ಬರು ಹುಡುಗರು ಮತ್ತು ನಾವು ರಸ್ತೆ ದಾಟಲು ನಿಂತೆವು. ಜೀಬ್ರಾ ಪಟ್ಟಿ ಅರ್ಧ ಅಳಿಸಿಹೋಗಿತ್ತು, ಬರುವ ಗಾಡಿಗಳು ವೇಗ ತಗ್ಗಿಸುತ್ತಿರಲಿಲ್ಲ. "ಬಸ್ಸಿನಾಗ ಇಪ್ಪತ್ತು ನಿಮಿಷ ಆರಾಮ ಬರತೀವ್ರಿ ಅಣ್ಣಾರ, ಈ ರಸ್ತಾ ದಾಟೂದ ಜೀವದ ಮ್ಯಾಲೆ ಬರತೈತಿ" ಎಂದರು ಆ ನರ್ಸ್. ರಾತ್ರಿ ಪಾಳಿ ಮುಗಿಸಿ ಬರುವ ದಿನಗಳಲ್ಲಿ ತಾಣದಿಂದ ಮನೆಯವರೆಗಿನ ಒಂದು ಕಿಲೋಮೀಟರಿಗೆ ದೀಪವೂ ಇಲ್ಲ, ಪಾದಚಾರಿ ಮಾರ್ಗವೂ ಇಲ್ಲವೆಂದು, ಗಂಡನೇ ಗಾಡಿ ತಂದು ಕರೆದೊಯ್ಯುತ್ತಾನೆಂದು ಹೇಳಿದರು. ನೂರಾರು ಕೋಟಿಯ ಮಾರ್ಗದ ಪಕ್ಕದಲ್ಲಿ ಕುಟುಂಬವೊಂದು ಗಾಡಿ ಕೊಳ್ಳಲು ಈ ಕೊನೆಯ ಒಂದು ಕಿಲೋಮೀಟರೇ ಸಾಕಾಗಿದೆ.

ಶುಕ್ರವಾರ, ಓಣಿಗಳು ಮತ್ತು ಪ್ಲಾಟುಗಳು

ಬೆಳಿಗ್ಗೆ ದುರ್ಗದಬೈಲಿನಿಂದ ಹೊರಟು ಹಿರೇಪೇಟೆ, ಘಂಟಿಕೇರಿಯ ಓಣಿಗಳಲ್ಲಿ ನಡೆದೆವು. ಒಂದಕ್ಕೊಂದು ಗೋಡೆ ಹಂಚಿಕೊಂಡ ಮನೆಗಳು, ಕೆಳಗೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟೇಲರನ ಹೊಲಿಗೆಯಂತ್ರ, ಮೇಲೆ ಸಂಸಾರ, ಮುಂದೆ ಕುಳಿತು ಮಾತಾಡಲು ಕಟ್ಟೆ. ಇಲ್ಲಿ ಹತ್ತು ನಿಮಿಷದ ನಡಿಗೆಯಲ್ಲಿ ಕಾಯಿಪಲ್ಲೆ, ಔಷಧಿ, ಶಾಲೆ, ಗುಡಿ, ದರ್ಗಾ, ಖಾನಾವಳಿ ಎಲ್ಲವೂ ಸಿಗುತ್ತವೆ. ಇಷ್ಟೊಂದು ಜನ ವಾಸಿಸುವುದಕ್ಕೆ ಇಲ್ಲಿ ಹತ್ತು ಅಂತಸ್ತಿನ ಕಟ್ಟಡಗಳು ಬೇಕಾಗಿಲ್ಲ. ಬಹುತೇಕ ಮನೆಗಳು ಎರಡು ಮೂರು ಅಂತಸ್ತಿನವು. ಕಾರು ಕಡಿಮೆಯಿರುವ ನಗರವೆಂದರೆ ಪರದೇಶದಿಂದ ತರಬೇಕಾದ ಕಲ್ಪನೆಯೆಂದು ಮಾತಾಡುವವರು ಈ ಓಣಿಗಳಲ್ಲಿ ಒಮ್ಮೆ ನಡೆಯಬೇಕು. ಇವುಗಳ ಕಷ್ಟಗಳೂ ಕಣ್ಣಿಗೆ ಬಿದ್ದವು: ತೆರೆದ ಗಟಾರುಗಳು, ನೀರಿಗಾಗಿ ದಿನಗಟ್ಟಲೆ ಕಾಯುವ ಪಾಡು, ಬೀಳುವ ಸ್ಥಿತಿಗೆ ಬಂದ ಮಾಳಿಗೆಗಳು, ಓಣಿಯ ಬಾಯಿಗೆ ಅಡ್ಡವಾಗಿ ನಿಲ್ಲಿಸಿದ ಬೈಕುಗಳು. ಈ ಓಣಿಗಳಿಗೆ ಬೇಕಾಗಿರುವುದು ಗಟಾರು, ನೀರು ಮತ್ತು ಮನೆ ದುರಸ್ತಿಗೆ ಸಾಲ, ರಸ್ತೆ ಅಗಲೀಕರಣವಲ್ಲ.

ಕಿತ್ತೂರು ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆಯ ಕಾಮಗಾರಿ ವರ್ಷಗಟ್ಟಲೆ ನಡೆದಿದೆ. ಅಲ್ಲಿ ದೂಳು ಮತ್ತು ಕಂಬಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ ನನಗೆ ದಕ್ಷಿಣ ಕೊರಿಯಾದ ಸೋಲ್ ನಗರ ನೆನಪಾಯಿತು. ಅಲ್ಲಿ ಚೊಂಗ್ಯೆಚೊನ್ ಎಂಬ ಹಳ್ಳವನ್ನು ಮುಚ್ಚಿ ಅದರ ಮೇಲೆ ಎತ್ತರಿಸಿದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನು ಕೆಡವಲು ಆರಂಭಿಸಿ, 2005ರ ಹೊತ್ತಿಗೆ ಹಳ್ಳವನ್ನು ತೆರೆದು ಜನ ನಡೆದಾಡುವ ತಾಣವಾಗಿಸಿದರು. ಅದೇ ಕಾಲಕ್ಕೆ ನಗರದ ಬಸ್ ವ್ಯವಸ್ಥೆಯನ್ನೂ ಬಲಪಡಿಸಿದರು. ಊರು ನಿಂತುಹೋಗಲಿಲ್ಲ. ಮೇಲ್ಸೇತುವೆ ವಾಹನಗಳಿಗೆ ಜಾಗ ಮಾಡಿಕೊಟ್ಟರೆ, ಆ ಜಾಗ ತುಂಬುವಷ್ಟು ವಾಹನಗಳು ಕೆಲವೇ ವರ್ಷಗಳಲ್ಲಿ ಬರುತ್ತವೆ ಎಂಬುದನ್ನು ಎಲ್ಲ ದೊಡ್ಡ ನಗರಗಳೂ ಅನುಭವದಿಂದ ಕಂಡಿವೆ.

ಹುಬ್ಬಳ್ಳಿಗೂ ತನ್ನದೇ ಆದ ಹಳ್ಳವಿದೆ. ಉಣಕಲ್ಲ ಕೆರೆಯಿಂದ ಹೊರಟು ಊರ ನಡುವೆ ಹರಿಯುವ ಉಣಕಲ್ಲ ನಾಲಾದ ದಂಡೆಯ ಮೇಲೆ ಸೈಕಲ್ ಮತ್ತು ಪಾದಚಾರಿ ಮಾರ್ಗ ಮಾಡುವ ಹಸಿರು ಸಂಚಾರ ಯೋಜನೆಯನ್ನು, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿರುವ ಸಿಟೀಸ್ ಕಾರ್ಯಕ್ರಮದಡಿ ಕೈಗೆತ್ತಿಕೊಳ್ಳಲಾಯಿತು. ಮುಗಿದಿರುವ ಒಂದು ತುಣುಕಿನ ಮೇಲೆ ನಾವು ನಡೆದೆವು. ಸಂಜೆಯ ಹೊತ್ತಿಗೆ ಹುಡುಗಿಯರು ಸೈಕಲ್ ಕಲಿಯುತ್ತಿದ್ದರು, ಹಿರಿಯರು ಕಲ್ಲಿನ ಆಸನಗಳ ಮೇಲೆ ಕುಳಿತಿದ್ದರು. ನಾಲಾದಲ್ಲಿ ಹರಿಯುವುದು ಇನ್ನೂ ಕೊಳಚೆ ನೀರೇ. ಆದರೂ ಇಡೀ ಊರಿನಲ್ಲಿ ಹಾರ್ನ್ ಸದ್ದಿಲ್ಲದೆ ಎರಡು ಮಾತಾಡಲು ಸಾಧ್ಯವಾದ ಜಾಗ ಇದೊಂದೇ. ಈ ಮಾರ್ಗ ತುಣುಕಾಗಿಯೇ ಉಳಿದರೆ ವಾಯುವಿಹಾರಕ್ಕೆ ಮಾತ್ರ ಬಂದೀತು. ಚಿಗರಿಯ ತಾಣಗಳಿಗೆ ಕೂಡಿಸಿದರೆ ಮಾತ್ರ ಜನ ಕೆಲಸಕ್ಕೆ ಹೋಗಲು ಅದನ್ನು ಬಳಸಿಯಾರು.

ಬಿಸಿಲು ಇಳಿದ ಮೇಲೆ ಟಂಟಂ ಹಿಡಿದು ಕುಸುಗಲ್ ರಸ್ತೆಯ ಕಡೆ ಹೋದೆವು. ಊರು ಮುಗಿದ ಮೇಲೂ ಪ್ಲಾಟುಗಳು ಮುಗಿಯಲಿಲ್ಲ. ಎರಿ (ಕಪ್ಪು ಮಣ್ಣಿನ) ಹೊಲಗಳನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡಿಸಿ, ಕಲ್ಲು ನೆಟ್ಟು, ಕಮಾನು ಕಟ್ಟಿ, ಗುಂಟೆಗಿಷ್ಟೆಂದು ಮಾರುವ ಲೇಔಟುಗಳು. ಹತ್ತು ಪ್ಲಾಟಿಗೊಂದು ಮನೆ ಎದ್ದಿದೆ. ಮಳೆಗಾಲದಲ್ಲಿ ಮುಖ್ಯ ರಸ್ತೆಯಿಂದ ಮನೆಯವರೆಗೆ ನಡೆಯುವುದು ಏನೆಂದು ತಿಳಿಯಬೇಕಾದರೆ ಎರಿ ಮಣ್ಣನ್ನು ಬಲ್ಲವರನ್ನೇ ಕೇಳಬೇಕು. ಚಪ್ಪಲಿಗೆ ಅಂಟಿದ ಮಣ್ಣು ಹೆಜ್ಜೆಹೆಜ್ಜೆಗೂ ದಪ್ಪಗಾಗುತ್ತಾ ಹೋಗಿ ಕಡೆಗೆ ಚಪ್ಪಲಿಯನ್ನೇ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಸೈಕಲ್ಲಿನ ಮಡ್ಗಾರ್ಡಿನೊಳಗೆ ಮಣ್ಣು ಕಟ್ಟಿಕೊಂಡು ಗಾಲಿ ತಿರುಗುವುದೇ ಇಲ್ಲ. ಅಲ್ಲಿ ಮನೆ ಕಟ್ಟಿದ ಕುಟುಂಬಕ್ಕೆ ಎರಡು ಗಾಡಿ ಇಲ್ಲದೆ ಗತ್ಯಂತರವಿಲ್ಲ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುವ ಒಂದು ಬೈಕಿಗೆ, ಲೀಟರಿಗೆ ನೂರರ ಆಸುಪಾಸಿನ ಪೆಟ್ರೋಲ್ ಹಿಡಿದರೆ, ತಿಂಗಳಿಗೆ ಹದಿನೇಳು ನೂರರಷ್ಟು ಖರ್ಚು. ಎರಡಕ್ಕೆ ಮೂರು ಸಾವಿರದ ನಾಲ್ಕುನೂರು, ಸಾಲದ ಕಂತು ಬೇರೆ. ಪ್ಲಾಟು ಅಗ್ಗವಾಗಿ ಸಿಕ್ಕಿತೆಂದು ದೂರ ಹೋದವರು ಆ ಉಳಿತಾಯವನ್ನು ಪೆಟ್ರೋಲ್ ಬಂಕಿಗೆ ಕಂತಿನಲ್ಲಿ ಕಟ್ಟುತ್ತಾರೆ. ಮನೆಯ ಬೆಲೆಯನ್ನು ಪ್ರಯಾಣದ ವೆಚ್ಚ ಬಿಟ್ಟು ಲೆಕ್ಕ ಹಾಕುವ ಯಾವ ವಸತಿ ಯೋಜನೆಯೂ ಬಡವರಿಗೆ ನ್ಯಾಯ ಒದಗಿಸಲಾರದು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಕುಟುಂಬಕ್ಕೆ ಗೊತ್ತುಪಡಿಸಿದ ಮನೆಯ ಒಳವಿಸ್ತೀರ್ಣ 30 ಚದರ ಮೀಟರ್. ಒಂದು ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಲು, ಅದು ಬಂದು ತಿರುಗಿ ಹೋಗುವ ದಾರಿಯನ್ನೂ ಸೇರಿಸಿದರೆ, 25ರಿಂದ 30 ಚದರ ಮೀಟರ್ ಬೇಕು. ಐದು ಜನರ ಸಂಸಾರಕ್ಕೆ ಸಾಕೆಂದು ಸರಕಾರ ನಿಗದಿ ಮಾಡಿದಷ್ಟೇ ಜಾಗವನ್ನು ದಿನದ ಇಪ್ಪತ್ತೆರಡು ಗಂಟೆ ಸುಮ್ಮನೆ ನಿಲ್ಲುವ ಒಂದು ವಾಹನಕ್ಕೆ ಕಡ್ಡಾಯವಾಗಿ ಬಿಡಬೇಕೆಂದು ನಮ್ಮ ಕಟ್ಟಡ ನಿಯಮಗಳೇ ಹೇಳುತ್ತವೆ. ಆ ಖರ್ಚು ಮನೆಯ ಬೆಲೆಯಲ್ಲಿ ಸೇರಿ, ಕಾರಿಲ್ಲದವನ ತಲೆಯ ಮೇಲೂ ಬೀಳುತ್ತದೆ. 2011ರ ಜನಗಣತಿಯಂತೆ ದೇಶದ ಕುಟುಂಬಗಳಲ್ಲಿ ಕಾರು ಇದ್ದದ್ದು ಶೇ 4.7ರಷ್ಟಕ್ಕೆ ಮಾತ್ರ. ಮೆಕ್ಸಿಕೋ ನಗರ 2017ರಲ್ಲಿ ಇಂಥ ಕಡ್ಡಾಯವನ್ನು ಕೈಬಿಟ್ಟು, ಇಂತಿಷ್ಟು ಜಾಗ ಬಿಡಲೇಬೇಕೆಂಬ ಕನಿಷ್ಠ ಮಿತಿಯ ಬದಲು ಇದಕ್ಕಿಂತ ಹೆಚ್ಚು ಬಿಡಕೂಡದೆಂಬ ಗರಿಷ್ಠ ಮಿತಿ ವಿಧಿಸಿತು. ಚಿಗರಿ ತಾಣಗಳ ಸುತ್ತ ನಾವೂ ಅದನ್ನು ಮಾಡಬಹುದು. ಸಾರಿಗೆ ಆಧಾರಿತ ಅಭಿವೃದ್ಧಿಯ ಬಗ್ಗೆ ಕೇಂದ್ರ ಸರಕಾರ 2017ರಲ್ಲಿಯೇ ನೀತಿ ರೂಪಿಸಿ, ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ ಪ್ರದೇಶದಲ್ಲಿ ಜನವಸತಿ ಮತ್ತು ಉದ್ಯೋಗ ಒಟ್ಟಾಗಿ ಬೆಳೆಯಬೇಕೆಂದು ಹೇಳಿತ್ತು. ಮಾರ್ಗದ ಗುಂಟ ಈಗ ಎದ್ದಿರುವವುಗಳನ್ನು ನೋಡಿದರೆ ಕಾರಿನ ಶೋರೂಮುಗಳು, ಕಲ್ಯಾಣ ಮಂಟಪಗಳು, ದೊಡ್ಡ ಆಸ್ಪತ್ರೆಗಳು ಎದ್ದು ಕಾಣುತ್ತವೆ. ಕೂಲಿಯವರು, ನರ್ಸುಗಳು, ಅಂಗಡಿ ಹುಡುಗರು ಬಾಡಿಗೆ ಕೊಟ್ಟು ಇರಬಲ್ಲ ಮನೆಗಳು ಕಾಣಿಸುವುದಿಲ್ಲ.

ಶನಿವಾರ, ಧಾರವಾಡ

ಧಾರವಾಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಊರಿನ ಗುಣವೇ ನಡೆಯುವುದಕ್ಕೆ ಹೇಳಿಮಾಡಿಸಿದಂತಿದೆ. ಜುಬಿಲಿ ವೃತ್ತದಿಂದ ಸುಭಾಸ ರಸ್ತೆ, ಲೈನ್ ಬಜಾರು, ಅಲ್ಲಿಂದ ಸಾಧನಕೇರಿಯವರೆಗೆ ಯಾವ ವಾಹನದ ನೆನಪೂ ಆಗದಂತೆ ಹೋಗಿಬಂದೆವು. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ರೂಮುಗಳು, ಮೆಸ್ಸುಗಳು, ಝೆರಾಕ್ಸ್ ಅಂಗಡಿಗಳು, ಓದುವ ಕೋಣೆಗಳು ಒತ್ತಾಗಿ ಸೇರಿಕೊಂಡಿವೆ. ಯಾದಗಿರಿ, ಬಾಗಲಕೋಟೆ ಕಡೆಯಿಂದ ಬಂದ ಈ ಮಕ್ಕಳಲ್ಲಿ ಹೆಚ್ಚಿನವರ ಹತ್ತಿರ ಗಾಡಿಯಿಲ್ಲ. ಒಂದು ಕೋಣೆಯಲ್ಲಿ ನಾಲ್ವರು ಇರುತ್ತಾರೆ. ರೂಮಿನ ಬಾಡಿಗೆಗೆ ಲಿಖಿತ ಕರಾರಿಲ್ಲ, ಠೇವಣಿ ಮರಳಿ ಬರುವ ಭರವಸೆಯಿಲ್ಲ. ಸ್ವಂತ ಮನೆ ಕಟ್ಟಿಸಿಕೊಡುವುದನ್ನೇ ವಸತಿ ನೀತಿಯೆಂದು ತಿಳಿದ ನಾವು ಬಾಡಿಗೆಯವರನ್ನು ಎಂದೂ ಎಣಿಕೆಗೆ ತೆಗೆದುಕೊಂಡಿಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಗರಸಭೆಯ ಅಥವಾ ಸರಕಾರದ ನೆರವಿನ ಮನೆಗಳಲ್ಲಿ ಬಾಡಿಗೆಗಿದ್ದಾರೆ; ಅದೇ ನಗರ 2012ರಲ್ಲಿ ವರ್ಷಕ್ಕೆ 365 ಯೂರೋಗಳಿಗೆ, ಎಂದರೆ ದಿನಕ್ಕೊಂದು ಯೂರೋಗೆ, ಎಲ್ಲ ಬಸ್ಸು, ಟ್ರಾಮು, ಮೆಟ್ರೋಗಳಿಗೆ ಅನ್ವಯಿಸುವ ಪಾಸು ತಂದಿತು. ಮನೆ ಮತ್ತು ಸಾರಿಗೆ ಎರಡನ್ನೂ ಒಂದೇ ಕೈ ನಿಭಾಯಿಸಿದರೆ ಏನಾಗಬಲ್ಲದೆಂಬುದಕ್ಕೆ ಅದೊಂದು ಉದಾಹರಣೆ.

ಧಾರವಾಡ ಈಗ ತನ್ನ ದೊಡ್ಡ ಸಂಸ್ಥೆಗಳನ್ನು ಊರ ಹೊರಗೆ ಕಳಿಸುತ್ತಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಹೆದ್ದಾರಿಯ ಪಕ್ಕದಲ್ಲಿದೆ. 2023ರಲ್ಲಿ ಉದ್ಘಾಟನೆಯಾದ ಐಐಟಿಯ ಆವರಣವೂ ಊರಿನಿಂದಾಚೆಗೆ. ದೂರದ ಹಳ್ಳಿಯಿಂದ ಬಂದ ಕಕ್ಷಿದಾರ ಧಾರವಾಡದಲ್ಲಿ ಬಸ್ಸಿಳಿದು ಮತ್ತೊಂದು ಬಸ್ಸಿಗೆ ಕಾಯಬೇಕು, ಇಲ್ಲವೇ ಆಟೋದವನು ಕೇಳಿದಷ್ಟು ಕೊಡಬೇಕು. ಸರಕಾರ ತನ್ನ ಕಟ್ಟಡಕ್ಕೆ ಅಗ್ಗದ ಜಾಗ ಹುಡುಕಿದಾಗಲೆಲ್ಲ ಉಳಿದ ಖರ್ಚನ್ನು ಅಲ್ಲಿಗೆ ಬರುವವರು ಆಜೀವ ಭರಿಸುತ್ತಾರೆ.

1962ರಲ್ಲಿ ಎರಡೂ ಊರು ಕೂಡಿ ಒಂದೇ ಮಹಾನಗರಪಾಲಿಕೆಯಾಗಿದ್ದವು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಧಾರವಾಡದವರ ಬಹುದಿನದ ಬೇಡಿಕೆಯದು, ಅದರಲ್ಲಿ ನ್ಯಾಯವೂ ಇದೆ. ಆದರೆ ಪಾಲಿಕೆ ಎರಡಾದರೂ ರಸ್ತೆ ಒಂದೇ, ಬಸ್ಸೂ ಒಂದೇ, ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ ಸಂಜೆ ಇಲ್ಲಿಂದ ಅಲ್ಲಿಗೆ ಹೋಗುವ ಜನವೂ ಒಂದೇ. ಬೆಂಗಳೂರಿಗಾಗಿ 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾನೂನು ಮಾಡಿದ ವಿಧಾನಮಂಡಲ, ಈ ಅವಳಿ ನಗರಕ್ಕೂ ಪಾದಚಾರಿ ಮಾರ್ಗದಿಂದ ಹಿಡಿದು ಓಣಿಗಳಿಂದ ಮುಖ್ಯ ಮಾರ್ಗಕ್ಕೆ ಜನರನ್ನು ತರುವ ಫೀಡರ್ ಬಸ್ಸಿನವರೆಗೆ ಎಲ್ಲವನ್ನೂ ಒಂದೆಡೆ ನೋಡುವ ಸಂಸ್ಥೆಯನ್ನು ಕೊಡಬೇಕು. ರಾತ್ರಿ ಮರಳುವಾಗ ಕಾಕಾ ತಮ್ಮ ನೌಕರಿಯ ಕಾಲದ ಮಾತು ಹೇಳಿದರು: "ರೂಟ್ ಹಾಕೂದು ಒಬ್ಬರು, ರಸ್ತಾ ಅಗಿಯೂದು ಇನ್ನೊಬ್ಬರು, ಲೇಔಟ್ ಪಾಸ್ ಮಾಡೂದು ಮತ್ತೊಬ್ಬರು. ಮೂವರೂ ಒಂದ ಕಡೆ ಕುಂತಿದ್ದ ನಾ ನೋಡಿಲ್ಲ."

ರವಿವಾರ, ಗದಗ ಮತ್ತು ಬೆಟಗೇರಿ

ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೊರಟೆವು. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1.72 ಲಕ್ಷ. ಇಷ್ಟು ಗಾತ್ರದ ಊರುಗಳಲ್ಲಿ ಕಾರಿನ ಅವಲಂಬನೆ ಇನ್ನೂ ಬೇರು ಬಿಟ್ಟಿಲ್ಲವಾದ್ದರಿಂದ ತಪ್ಪನ್ನು ಆಗುವ ಮುನ್ನವೇ ತಡೆಯುವ ಅವಕಾಶ ಇಲ್ಲಿದೆ. ವೀರನಾರಾಯಣ ಗುಡಿಯಿಂದ ಮಾರುಕಟ್ಟೆಗೆ, ಅಲ್ಲಿಂದ ಬೆಟಗೇರಿಗೆ ನಡೆದೇ ಹೋದೆವು.

ಬೆಟಗೇರಿಯ ನೇಕಾರರ ಓಣಿಯಲ್ಲಿ ರವಿವಾರವೂ ಮಗ್ಗದ ಸದ್ದು ನಿಂತಿರಲಿಲ್ಲ. ಕಾಕಾ ಅವರ ಪರಿಚಯದ ಮನೆಯೊಂದಕ್ಕೆ ಹೋದೆವು. ಹೊಸ್ತಿಲು ದಾಟಿದ ಕೂಡಲೇ ಪಡಸಾಲೆಯ ನೆಲದಲ್ಲಿ ಮೊಣಕಾಲ ಆಳದ ಕುಣಿ; ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಮನೆಯ ಯಜಮಾನರು ಸೀರೆ ನೇಯುತ್ತಿದ್ದರು. ಕಾಲಡಿ ತುಳಿಯುವ ಹಲಗೆಗಳು, ಎದೆಯ ಮಟ್ಟಕ್ಕೆ ಹಾಸು (ಉದ್ದಕ್ಕೆ ಬಿಗಿದ ನೂಲು), ಬಲಗೈಯಲ್ಲಿ ಲಾಳಿಯ ಹಗ್ಗ. ಮಣ್ಣಿನ ನೆಲದ ತಂಪಿಗೆ ನೂಲು ಬೇಗ ಹರಿಯುವುದಿಲ್ಲವೆಂದು ಹೇಳಿದರು. ಅವರ ಮನೆಯವರು ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ, ಒಲೆಯ ಮೇಲಿನ ಅನ್ನವನ್ನೂ ನೋಡಿಕೊಳ್ಳುತ್ತಿದ್ದರು. ಮನೆಯೇ ಕಾರ್ಖಾನೆಯಾದ್ದರಿಂದ ಇವರ ಪ್ರಯಾಣದ ದೂರ ನಾಲ್ಕು ಹೆಜ್ಜೆ. ನೂಲು ಮತ್ತು ಸೀರೆ ಹೋಗಿಬರುವುದು ಸೈಕಲ್ಲಿನ ಮೇಲೆ.

ಊರ ಹೊರಗೆ ಅಪಾರ್ಟ್‌ಮೆಂಟಿನಂಥ ಮನೆ ಸಿಗುವುದಾದರೆ ಹೋಗುತ್ತೀರಾ ಎಂದು ಕೇಳಿದೆ. ಯಜಮಾನರು ನಕ್ಕರು, ಉತ್ತರ ಕೊಟ್ಟವರು ಅವರ ಮನೆಯವರು. "ಎರಡನೇ ಮಜಲಿಗೆ ಮಗ್ಗ ಹೆಂಗ್ ಒಯ್ಯೂದ್ರಿ ಅಣ್ಣಾರ? ಕುಣಿ ಎಲ್ಲಿ ತೋಡೂದು? ಹಾಸು ಬಿಚ್ಚಾಕ ಓಣಿ ಬೇಕು, ಅಲ್ಲಿ ಓಣಿ ಎಲ್ಲಿರತೈತಿ? ಈ ಮನಿ ಮಾಳಿಗಿ ಸೋರತೈತಿ, ಅದನ್ನ ರಿಪೇರಿ ಮಾಡಿಸಿಕೊಡ್ರಿ ಅಂತ ಹತ್ತು ಸರ್ತಿ ಕೇಳೀವಿ." ಮನೆಯ ಬಾಡಿಗೆ ಕರಾರು ಅವರ ಅಜ್ಜನ ಹೆಸರಿನಲ್ಲಿದ್ದು, ಕಾಗದಪತ್ರ ಸರಿಯಿಲ್ಲದ್ದರಿಂದ ಯಾವ ಯೋಜನೆಯ ಅನುದಾನವೂ ದಕ್ಕಿಲ್ಲ. ಮನೆ ಎಂದಾಕ್ಷಣ ಹೊಸ ಕಟ್ಟಡವನ್ನೇ ಕಾಣುವ ಯೋಜನೆಗಳು ಇಂಥ ಕುಟುಂಬವನ್ನು ಓಣಿಯಿಂದ ಎಬ್ಬಿಸಿ ದೂರ ಕಳಿಸಿದರೆ, ಒಂದು ಕುಲಕಸುಬು ಮುಗಿದು, ಅದೇ ಮನೆಯ ಮಗ ಇಪ್ಪತ್ತು ಕಿಲೋಮೀಟರ್ ದೂರದ ಗೋದಾಮಿಗೆ ಬೈಕಿನ ಮೇಲೆ ಹೋಗುವ ಕೂಲಿಯಾಗುತ್ತಾನೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ಸಿಕ್ಕಿದ ರೈತರು ತಮ್ಮದೇ ದುಡ್ಡು ಕೂಡಿಸಿ ತಮಗೇ ಸಾಲ ಕೊಟ್ಟುಕೊಂಡ ಆ ಬಗೆಯನ್ನು ವಸತಿಗೂ ತರಬಹುದು. ನಮ್ಮಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು ಬಹಳ ಇವೆಯಾದರೂ ಹೆಚ್ಚಿನವು ಜಮೀನು ಕೊಂಡು ಸೈಟು ಹಂಚಿ ಮುಗಿಸುತ್ತವೆ; ಸೈಟು ಸದಸ್ಯನ ಸ್ವಂತದ್ದಾಗಿ ಮರುದಿನವೇ ಮಾರಾಟಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಹಕಾರ ಸಂಘಗಳೇ ಕಟ್ಟಡದ ಒಡೆತನ ಇಟ್ಟುಕೊಂಡು, ಲಾಭವಿಲ್ಲದೆ, ಖರ್ಚಿನಷ್ಟೇ ಬಾಡಿಗೆಗೆ ಮನೆ ಕೊಡುತ್ತವೆ. ಲಾಭರಹಿತ ಮನೆಗಳ ಪ್ರಮಾಣವನ್ನು 2050ರೊಳಗೆ ಮೂರನೆಯ ಒಂದು ಭಾಗಕ್ಕೆ ಏರಿಸಬೇಕೆಂದು ಅಲ್ಲಿನ ನಾಗರಿಕರು 2011ರಲ್ಲಿ ಮತ ಹಾಕಿ ತೀರ್ಮಾನಿಸಿದರು.

ಸಹಕಾರದ ತವರಾದ ಜಿಲ್ಲೆಯಲ್ಲಿ ಇದಕ್ಕೆ ಜಾಗವೂ ಇದೆ. ಗದಗ ನಗರದ ನಡುವೆ, ಹಿಂದೆ ವರ್ತಕರ ವಕಾರಗಳು (ಮಳಿಗೆ-ಗೋದಾಮುಗಳು) ಇದ್ದ ನಗರಸಭೆಯ ಜಾಗ ತೆರವಾಗಿದ್ದು, ಅಲ್ಲಿ ವ್ಯಾಪಾರ ಮತ್ತು ವಸ್ತು ಪ್ರದರ್ಶನದ ಕೇಂದ್ರ ಮಾಡುವ ಪ್ರಸ್ತಾಪ ವಿಧಾನಮಂಡಲದವರೆಗೂ ಹೋಗಿದೆ. ವ್ಯಾಪಾರ ಅಲ್ಲಿ ಇರಲಿ. ಅದು ಆ ಜಾಗದ ಚರಿತ್ರೆಗೆ ಒಪ್ಪುವಂಥದ್ದೇ. ಆದರೆ ಬಸ್ಸು, ಮಾರುಕಟ್ಟೆ, ಶಾಲೆ ಎಲ್ಲಕ್ಕೂ ನಡೆದುಹೋಗಬಹುದಾದ ಸರಕಾರಿ ಜಮೀನು ಊರ ನಡುವೆ ಇಷ್ಟು ದೊಡ್ಡದಾಗಿ ಮತ್ತೆ ಸಿಗುವುದಿಲ್ಲ. ಸಂಜೆ ಬೆಟಗೇರಿಯ ಅದೇ ಓಣಿಯ ಕಟ್ಟೆಯ ಮೇಲೆ ಹತ್ತಾರು ಜನ ಸೇರಿದ್ದಾಗ ಈ ಮಾತು ಬಂದು, ನಗರಸಭೆಗೆ ಕೊಡಲು ಒಂದು ಮನವಿ ಬರೆಯಬೇಕೆಂದು ತೀರ್ಮಾನವಾಯಿತು. ಆ ಜಾಗದ ಒಂದು ಪಾಲನ್ನು ಮಾರದೆ, ಹರಾಜು ಹಾಕದೆ, ನಗರಸಭೆಯ ಹೆಸರಿನಲ್ಲಿಯೇ ಉಳಿಸಿಕೊಂಡು ಬಾಡಿಗೆ ಮನೆಗಳನ್ನು ಕಟ್ಟಬೇಕು. ಅವುಗಳ ನಿರ್ವಹಣೆಯನ್ನು ಬಾಡಿಗೆದಾರರ ಸಹಕಾರ ಸಂಘಕ್ಕೆ ವಹಿಸಬೇಕು. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗದ ಬದಲು ಕುಣಿಮಗ್ಗ ಹಾಕುವಂತಹ ಕೋಣೆಗಳಿರಬೇಕು. ಈಗಿನ ಓಣಿಯ ಮನೆಗಳಿಗೆ ಕಾಗದ ಸರಿಪಡಿಸಿ ದುರಸ್ತಿಯ ಅನುದಾನ ಕೊಡಬೇಕು. ಗದಗ ಮತ್ತು ಬೆಟಗೇರಿಯ ನಡುವೆ ರಾತ್ರಿ ಹತ್ತರವರೆಗೆ ಸಿಟಿ ಬಸ್ಸು ಓಡಬೇಕು. ಬಸ್ಸಿನ ಮಾತನ್ನು ಕಾಕಾ ತಾವೇ ಬರೆದು, ವೇಳಾಪಟ್ಟಿಯ ಕರಡನ್ನೂ ಹಿಂಬದಿಯಲ್ಲಿ ಹಾಕಿಕೊಟ್ಟರು. ಮೊದಲ ಸಹಿಯನ್ನು ಕಂಡಿಕೆ ಸುತ್ತುತ್ತಿದ್ದ ಆ ತಾಯಿ ಹಾಕಿದರು. ಉಳಿದ ಸಹಿಗಳಿಗಾಗಿ ಹಾಳೆ ಮುಂದಿನ ಓಣಿಗೆ ಹೋಯಿತು. ಸೋಮವಾರ ಕಚೇರಿ ತೆರೆದಾಗ ಐದು ಜನ ಹೋಗಿ ಕೊಟ್ಟು, ಸ್ವೀಕೃತಿ ಪಡೆದು ಬರುವುದೆಂದು ಅಲ್ಲಿಯೇ ಹೆಸರು ಬರೆದುಕೊಂಡರು.